ಇಪ್ಪತ್ನಾಲ್ಕು ಕೋರ್ ಬರುವ ತನಕ

ಜೂನ್ 9, 2025, ಸೋಮವಾರ. ಬೆಳಿಗ್ಗೆ 10:20

ಅಂಗಡಿಯ ಕಂಪ್ಯೂಟರಿನ ಬಟನ್ ಒತ್ತಿದೆ. ಫ್ಯಾನ್ ಮೊದಲು ಗೊಣಗಿತು, ಆಮೇಲೆ ಕೂಗಿತು. ಚಹಾ ಹೇಳಿದೆ. ಚಹಾ ಬಂತು, ಕುಡಿದೆ, ಕಪ್ಪು ವಾಪಸ್ ಒಯ್ದರು — ಆಗ ತೆರೆಯಿತು ಪೂನಮಳ ಮದುವೆ ವಿಡಿಯೋದ ಟೈಮ್‌ಲೈನ್. ಪ್ಲೇ ಒತ್ತಿದರೆ ಎರಡು ಸೆಕೆಂಡ್ ಓಡಿ ನಿಲ್ಲುತ್ತದೆ. ಮಂಗಳಾಷ್ಟಕ ಹೇಳುವ ಭಟ್ಟರ ಬಾಯಿ ತೆರೆದದ್ದು ತೆರೆದೇ ಇದೆ.

ನಾಲ್ಕು ಕೋರ್, ಎಂಟು ವರ್ಷದ ಮುದುಕ. ಹಳೆಯ ಕ್ಯಾಮೆರಾದಲ್ಲಿ ತೆಗೆದ ಮದುವೆಗಳನ್ನು ಇನ್ನೂ ಎಳೆಯುತ್ತಾನೆ, ಕೆಮ್ಮುತ್ತ ಕೆಮ್ಮುತ್ತ. ಮೊನ್ನೆಯೂ ಎರಡು ಮಿಕ್ಸಿಂಗ್ ಮುಗಿಸಿ ಕೊಟ್ಟೆ. ಆದರೆ ಹೊಸ ಕ್ಯಾಮೆರಾ ತಂದ ಮೇಲೆ ಮೊದಲು ತೆಗೆದದ್ದು ಇದು, ಘಾಟಬೋರಾಳದ ಮದುವೆ. ಪೂರ್ತಿ ಫೋರ್‌ಕೆ. ಹಳೆಯದರ ನಾಲ್ಕು ಪಟ್ಟು ಸ್ಪಷ್ಟ ಚಿತ್ರ, ಹುಮನಾಬಾದಿನಲ್ಲಿ ಯಾರೂ ಇಂಥದ್ದು ಮಾಡಿಲ್ಲ. ಮಾಡಿದರೆ ನನ್ನ ಪೇಜಿಗೆ ಇದೇ ಸ್ಯಾಂಪಲ್.

ಒಂದು ಕ್ಲಿಪ್ ಹೇಗೋ ನೋಡಿದೆ. ಅಕ್ಕಿಕಾಳು ಬೀಳುವ ಹೊತ್ತು. ಎಲ್ಲ ಸರಿ ಇದೆ, ಬೆಳಕು ಛಲೋ ಬಿದ್ದಿದೆ. ಅಷ್ಟರಲ್ಲಿ ಮದುಮಗಳು ಕ್ಯಾಮೆರಾ ಬಿಟ್ಟು ಎಡಗಡೆ ಎಲ್ಲೋ ನೋಡುತ್ತಾಳೆ. ಒಂಬತ್ತು ಸೆಕೆಂಡ್. ಅಲ್ಲಿ ಗೋಡೆ ಬಿಟ್ಟು ಏನೂ ಇಲ್ಲ. ಕೆಂಪು ಗುರುತು ಹಾಕಿದೆ — ತೆಗೆಯಬೇಕಾದದ್ದು.

ಮಧ್ಯಾಹ್ನ 12:05

ಜಗದೇವಿ ಕಾಕು ಫೋನ್. ಪೂನಮಳ ತಾಯಿ.

"ತಮ್ಮಾ, ಆಯ್ತೇನು?"

"ಮಾಡಾಕತ್ತೇನ್ರಿ ಕಾಕು."

"ಊರ ಮಂದಿ ಎಲ್ಲಾ ನೋಡ್ಯಾದ. ನಾ ಒಬ್ಬಕೀನೇ ನೋಡಿಲ್ಲ. ನೆನಪದ ಅಲಾ?"

ನೆನಪಿದೆ. ಅವರ ಮನೆತನದ ಪದ್ಧತಿ. ಮಗಳ ಮೇಲೆ ಅಕ್ಕಿಕಾಳು ಬೀಳುವಾಗ ಹೆತ್ತವಳು ನೋಡಬಾರದು. ಹಿತ್ತಲಲ್ಲಿ ತುಳಸಿಗೆ ನೀರು ಹಾಕುತ್ತ ಕೂಡಬೇಕು. ವಾದ್ಯ ಕೇಳಿಸುತ್ತದೆ, ತಲೆ ಎತ್ತಬಾರದು. ಕಾಕು ಹಾಗೇ ಕೂತರು. ಮದುವೆಯ ಹಿಂದಿನ ದಿನ ನನ್ನನ್ನು ಬದಿಗೆ ಕರೆದು ಹೇಳಿದ್ದರು: "ನೀ ಛಂದ ತಗಿ. ನಾ ಟಿವ್ಯಾಗ ನೋಡ್ತೀನಿ. ಟಿವ್ಯಾಗ ನೋಡಬ್ಯಾಡ ಅಂತ ಹಿರ್ಯಾರು ಯಾರೂ ಹೇಳಿಲ್ಲ." ಹೇಳಿ ತಾವೇ ನಕ್ಕಿದ್ದರು.

"ನಾಗರ ಪಂಚಮಿಗಿ ಪೂನಮ ಬರ್ತಾಳ. ಅಷ್ಟೊತ್ತಿಗಿ ಕೊಡು."

"ಕೊಡ್ತೀನ್ರಿ" ಅಂದೆ. ಅಂದು ಫೋನ್ ಇಟ್ಟು ಮುದುಕನ ಮುಖ ನೋಡಿದೆ.

ಜೂನ್ 11, ಬುಧವಾರ

ಸುಮ್ಮನೆ ಕೂಡಲಾಗಲಿಲ್ಲ. ಅಂಗಡಿ ಮುಚ್ಚಿ ಬೈಕ್ ಹತ್ತಿ ಬಸವಕಲ್ಯಾಣಕ್ಕೆ, ಸಂಘಪಾಲನ ಹತ್ತಿರ. ಕೋಟೆ ಕೆಳಗಿನ ಗಲ್ಲಿಯಲ್ಲಿ ಅವನ ಕಂಪ್ಯೂಟರ್ ಅಂಗಡಿ. ಮಂದಿಗೆಲ್ಲ ಹೊಸ ಹೊಸದು ಜೋಡಿಸಿಕೊಡುತ್ತಾನೆ, ತಾನು ಮಾತ್ರ ಎರಡು ಕೋರಿನ ಡಬ್ಬದ ಮೇಲೆ ಬಿಲ್ ಮಾಡುತ್ತಾನೆ. ನಮ್ಮ 'ಕಲ್ಯಾಣ ಪಿಸಿ ಬಳಗ' ಗ್ರೂಪಿನ ಅಡ್ಮಿನ್. ಹತ್ತೊಂಬತ್ತು ಜನ ಇದ್ದೇವೆ. ಮೂರು ವರ್ಷದಲ್ಲಿ ಕೊಂಡವರು ಇಬ್ಬರು. ಆ ಇಬ್ಬರೂ ಈಗ ಗ್ರೂಪಿನಲ್ಲಿ ಮಾತಾಡುವುದಿಲ್ಲ, ಕೊಂಡ ಮೇಲೆ ಮಾತಾಡಲು ಏನೂ ಉಳಿದಿಲ್ಲ.

"ಹದಿನಾರು ಕೋರಿಂದು ಪ್ರೊಸೆಸರ್ ನಾಳೆ ಹೈದರಾಬಾದಿಗಿ ಹೋದ್ರ ನಾಳೇನೇ ಸಿಗ್ತದ" ಅಂದ. "ಆದ್ರ ಯಾಕ ತಗೋತಿ? ವರ್ಷದ ಕಡಿಗಿ ಕೆಂಪು ಡಬ್ಬಿ ಕಂಪನಿದು ಇಪ್ಪತ್ನಾಕು ಕೋರಿಂದು ಬರ್ತದ."

"ಯಾರು ಹೇಳ್ಯಾರ?"

"ಲೀಕ್ ಆಗ್ಯಾದ ಯಾರ್. ನೀಲಿ ಕಂಪನಿದು ಅದಕ್ಕಿಂತ ದೊಡ್ಡದು ಅಂತ. ಪ್ರೊಸೆಸರ್ ಕೂಡಿಸೋ ಸಾಕೆಟ್ ಬದಲಾತಂದ್ರ ಬೋರ್ಡೂ ಹೋತು. ಈಗ ತಗೊಂಡಿ ಅಂದ್ರ ಆರ ತಿಂಗಳಿಗಿ ಹಳೇದು ತಗೊಂಡಂಗ."

ಎರಡು ಡಬ್ಬಿಗಳ ಬಣ್ಣದ ಮೇಲೆ ಇಬ್ಬರೂ ಒಂದೂವರೆ ತಾಸು ಜಗಳಾಡಿದೆವು. ಕೊನೆಗೆ ಅವನೇ, "ಅಲ್ಲ ಅವ್ಯಾ, ಅರ್ಜಂಟ್ ಇದ್ರ ಸಣ್ಣ ಸೈಜ್ ಮಾಡಿ ಕೊಟ್ಟಬಿಡಲ್ಲ. ನಿನ್ನ ನಾಕ ಕೋರಿಗಿ ಅದೇನ ಭಾರ?" ಅಂದ. ನನಗೆ ಮೈ ಉರಿಯಿತು. ಫೋರ್‌ಕೆ ತೆಗೆದದ್ದನ್ನು ಸಣ್ಣದು ಮಾಡಿ ಕೊಡಲಿಕ್ಕೆ ಹೊಸ ಕ್ಯಾಮೆರಾ ಯಾಕೆ ತರಬೇಕಿತ್ತು? ಕಾಯುತ್ತೇನೆ.

ವಾಪಸ್ ಬರುವಾಗ ರಾಜೇಶ್ವರದ ಹತ್ತಿರ ಬೈಕ್ ನಿಲ್ಲಿಸಿ ಗ್ರೂಪ್ ನೋಡಿದೆ. ಹೊಸದೇನಿಲ್ಲ.

ಜೂನ್ 12

ಏಳಕ್ಕೆ ಎದ್ದೆ. ಗ್ರೂಪ್. ಏನಿಲ್ಲ. ಎಂಟೂ ಹದಿನೈದಕ್ಕೆ ಮತ್ತೆ ನೋಡಿದೆ. ಏನಿಲ್ಲ… ಹಲ್ಲು ತಿಕ್ಕುವುದು ಇನ್ನೂ ಆಗಿಲ್ಲ.

ಜೂನ್ 27, ಶುಕ್ರವಾರ. ಮಧ್ಯಾಹ್ನ 3

ಕಾಕು ಅಂಗಡಿಗೇ ಬಂದರು. ಬಾಗಿಲ ಹತ್ತಿರ ಟ್ರೈಪಾಡ್ ನಿಂತಿತ್ತು. ನೇರವಾಗಿ ಬಂದು ಅದಕ್ಕೆ ಎಡವಿದರು. ಹಿಡಿದುಕೊಂಡೆ.

"ಇದನ್ನ ಇಲ್ಲಿ ಯಾಕ ಇಟ್ಟೀದಿ?"

"ಮೂರ ವರ್ಷದಿಂದ ಅಲ್ಲೇ ಅದರಿ ಕಾಕು."

"ಮುಂದಿಂದು ಕಾಣಸ್ತದಪಾ. ಬಾಜೂದು ಕಾಣಸವಲ್ದು. ಮೋತಿಬಿಂದು ಇರಬೇಕು."

ಕಣ್ಣಿನ ಪೊರೆಯನ್ನು ಮಳೆಗಾಲ ಮುಗಿದ ಮೇಲೆ ತೋರಿಸುತ್ತಾರಂತೆ. ಈಗ ಪುರುಸೊತ್ತಿಲ್ಲ. ಕಳೆ ತೆಗೆಯುವ ಹೆಂಗಸರ ಗುಂಪು ಕಟ್ಟಿಕೊಂಡು ಹೊಲ ಹೊಲ ತಿರುಗುವವರು ಅವರೇ. ಹತ್ತು ಹನ್ನೆರಡು ಜನ ಅವರ ಮಾತಿಗೆ ಏಳುತ್ತಾರೆ, ಕೂಡುತ್ತಾರೆ.

ವಿಡಿಯೋ ಯಾಕೆ ತಡ ಅಂತ ಕೇಳಿದರು. ಹೇಳಿದೆ. ಕೋರ್ ಅಂದರೇನು ಅಂತ ಕೇಳಿದರು.

"ಆಳು ಇದ್ದಂಗ್ರಿ. ಈ ಡಬ್ಬಿಯೊಳಗ ನಾಕ ಆಳು ಅವ. ಇಪ್ಪತ್ನಾಕು ಬರ್ತಾವ ಅಂತ ಕಾಯಾಕತ್ತೇನಿ."

"ಬರೋತನಕ ಈ ನಾಕ ಮಂದಿ ಏನ ಮಾಡ್ತಾರ?"

"ಕುಂತಾರ್ರಿ."

"ಕುಂತಾರ?" ಕಾಕು ಡಬ್ಬದ ಕಡೆ ಮುಖ ತಿರುಗಿಸಿದರು, ನಿಜವಾಗಿಯೂ ಒಳಗೆ ಯಾರೋ ಕೂತಂತೆ. "ನನ್ನ ಕಡಿ ಹತ್ತ ಮಂದಿ ಬರಬೇಕಾದಲ್ಲಿ ಮೂರ ಮಂದಿ ಬಂದ್ರ ನಾ ಮೂರ ಮಂದೀಲೇ ಸಾಲು ಹಿಡಿಸ್ತೀನಿ ತಮ್ಮಾ. ಉಳದವ್ರು ಬಂದಾಗ ಬರ್ತಾರ."

ಸಿಟ್ಟು ಬಂತು. ಎಲ್ಲರೂ ನನಗೆ ಬುದ್ಧಿ ಹೇಳುವವರೇ. ವಿಡಿಯೋ ಸಿದ್ಧಮಾಡುವ ರೆಂಡರಿಂಗಿಗೂ ಕಳೆ ತೆಗೆಯುವುದಕ್ಕೂ ಎಲ್ಲಿಗೆಲ್ಲಿ ಸಂಬಂಧ? ಆದರೂ ಬಸ್‌ಸ್ಟ್ಯಾಂಡ್ ತನಕ ಬಿಟ್ಟು ಬಂದೆ. ರಸ್ತೆ ದಾಟುವಾಗ ಅವರು ನನ್ನ ತೋಳು ಬಿಡಲಿಲ್ಲ.

ಜುಲೈ 21, ಸೋಮವಾರ. ಸಂಜೆ

ಇವತ್ತು ಮಾಡಿದ್ದನ್ನು ಯಾರಿಗೂ ಹೇಳುವ ಹಾಗಿಲ್ಲ, ಇಲ್ಲಿ ಬರೆಯುತ್ತೇನೆ. ಪಂಚಮಿಗೆ ಎಂಟು ದಿನ. ಬೆಳಿಗ್ಗೆ ಗಟ್ಟಿ ಮನಸ್ಸು ಮಾಡಿದೆ — ಆಗಿದ್ದಾಗಲಿ, ಹದಿನಾರು ಕೋರಿಂದೇ ತರುವುದು. ಹೈದರಾಬಾದ್ ಬಸ್ ಹತ್ತಿದೆ. ಕಿಟಕಿ ಪಕ್ಕ ಸೀಟು, ಮನಸ್ಸು ಹಗುರ, ಶೇಂಗಾ ಕೂಡ ತಿಂದೆ.

ಜಹೀರಾಬಾದ್ ಬರುವಷ್ಟರಲ್ಲಿ ಸಂಘಪಾಲನ ಮೆಸೇಜ್. ವೇಗ ಹೋಲಿಸುವ ಒಂದು ಚಾರ್ಟು. ಎಲ್ಲಿಂದಲೋ ಸೋರಿದ್ದು. ಇಪ್ಪತ್ನಾಲ್ಕು ಕೋರಿನ ಪಟ್ಟಿ ಈ ತುದಿಯಿಂದ ಆ ತುದಿಗೆ, ಹದಿನಾರರ ಪಟ್ಟಿ ಅರ್ಧಕ್ಕೇ ಮುಗಿದಿದೆ. ಕೆಳಗೆ ಬರೆದಿದ್ದ: 'ಸೆಪ್ಟೆಂಬರಿನಾಗ ಘೋಷಣಾ ಪಕ್ಕಾ.'

ಜಹೀರಾಬಾದಿನಲ್ಲಿ ಇಳಿದೆ. ಅರ್ಧ ತಾಸು ಸ್ಟ್ಯಾಂಡಿನಲ್ಲಿ ಅತ್ತಿಂದಿತ್ತ ಅಡ್ಡಾಡಿದೆ. ಹೈದರಾಬಾದಿನ ಇನ್ನೊಂದು ಬಸ್ ಬಂತು, ಬಿಟ್ಟೆ. ಹುಮನಾಬಾದಿನದು ಬಂತು, ಹತ್ತಿದೆ. ಕಂಡಕ್ಟರ್ ಅದೇ ಊರಿನವ, ಬೆಳಿಗ್ಗೆ ಸ್ಟ್ಯಾಂಡಿನಲ್ಲಿ ನನ್ನನ್ನು ನೋಡಿದ್ದ. "ಏನ್ರಿ, ಮರತು ಬಂದ್ರೇನು ಏನರ?" ಅಂದ. ಹೌದ್ರಿ ಅಂದೆ.

ಜುಲೈ 29. ಪಂಚಮಿ

ಫೋನ್ ಸೈಲೆಂಟ್. ಕಾಕುವಿನದು ನಾಲ್ಕು ಮಿಸ್ಡ್ ಕಾಲ್. ಮನೆಯಲ್ಲಿ ಹಬ್ಬದ ಉಂಡಿ ತಿಂದು ಮಲಗಿದೆ. ನಿದ್ದೆ ಬರಲಿಲ್ಲ.

ಆಗಸ್ಟ್ 17, ರವಿವಾರ. ನಮ್ಮೂರು ಹುಡಗಿ, ಮನೆ

ಅಪ್ಪ ಇಪ್ಪತ್ತು ದಿನದ ಮೇಲೆ ಮನೆಗೆ ಬಂದ. ಕುರಿ ಹೊಡೆದುಕೊಂಡು ಘಾಟಬೋರಾಳದ ಕಡೆ ಹೋಗಿದ್ದ. ಮೈಯಿಂದ ಒದ್ದೆ ಕಂಬಳಿಯ ವಾಸನೆ. ರೊಟ್ಟಿ ಮುರಿಯುತ್ತ ಊರಿನ ಸುದ್ದಿಯೆಲ್ಲ ಹೇಳಿದ. ನಡುವೆ ಇದೂ:

"ಕಾಶಿರಾಮನ ಹೆಣ್ತಿ ಜಗದೇವಿ ಈಗ ಕೆಲಸಕ್ಕ ಬರಲ್ಲಂತ."

"ಯಾಕ?"

"ಕಳಿ ತಗೀಲಿಕ್ಕಿ ಹೋಗಿ ಸೋಯಾಬೀನ್ ಕಿತ್ತಾಳಂತ ಪೂರಾ ಒಂದ ಸಾಲು. ಬೆಳಿ ಯಾವುದು ಕಳಿ ಯಾವುದು ತಿಳೀಲಿಲ್ಲಂತ. ಹೊಲದವ್ರು ಮನ್ಯಾಗ ಕುಂದ್ರು ಅಂದಾರ." ಅಪ್ಪ ನೀರು ಕುಡಿದ. "ಮೂವತ್ತ ವರ್ಷ ಕಳಿ ತಗದ ಕೈ ನೋಡು ಅದು. ಗುಂಪಿನ ಮುಂದ ಭಾಳ ನಾಚಿಕಿ ಆಗಿರಬೇಕು."

ಊಟ ಸೇರಲಿಲ್ಲ.

ಆಗಸ್ಟ್ 19

ಮೋತಿಬಿಂದು ತಾನೇ. ಹುಡಗಿಯಲ್ಲೇ ಎಷ್ಟು ಜನ ಆಪರೇಷನ್ ಮಾಡಿಸಿಕೊಂಡು ಬಂದು ಪೇಪರ್ ಓದುತ್ತಿದ್ದಾರೆ. ಮಳೆಗಾಲ ಮುಗಿಯಲಿ. ಅವರಿಗೆ ಕಣ್ಣು ಬರುತ್ತದೆ, ನನಗೆ ಪ್ರೊಸೆಸರ್ ಬರುತ್ತದೆ. ಆಗ ಫೋರ್‌ಕೆ ಟಿವಿಯಲ್ಲಿ ಹಾಕಿದರೆ ಒಂದೊಂದು ಅಕ್ಕಿಕಾಳೂ ಎಣಿಸಬಹುದು. ಲೆಕ್ಕ ಸರಿ ಕೂಡುತ್ತದೆ.

ಇದನ್ನು ಎರಡು ಸಲ ಓದಿದೆ. ಸರಿ ಇದೆ ಅನಿಸುತ್ತದೆ.

ಸೆಪ್ಟೆಂಬರ್ 18, ಗುರುವಾರ. ಮಧ್ಯಾಹ್ನ

ಪೂನಮ ಬಂದಿದ್ದಳು. ಮದುವೆಯ ಸೀರೆಯಲ್ಲಿ ಬಿಟ್ಟರೆ ಅವಳನ್ನು ನೋಡಿರಲೇ ಇಲ್ಲ, ಗುರುತು ಹತ್ತಲು ಹೊತ್ತಾಯಿತು. ಗಂಡನ ಮನೆ ನಾರಾಯಣಪುರ. ಅಲ್ಲಿಂದ ತವರಿಗೆ ಹೊರಟವಳು ದಾರಿಯಲ್ಲಿ ಇಳಿದಿದ್ದಾಳೆ. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಆಸ್ಪತ್ರೆಯ ಫೈಲ್.

ಕೂಡು ಅಂದೆ. ಕೂಡಲಿಲ್ಲ.

"ಅಣ್ಣಾರ, ಅವ್ವನ್ನ ಸೋಲಾಪುರಕ ಕರಕೊಂಡು ಹೋಗಿದ್ದಿವ್ರಿ. ಮೋತಿಬಿಂದು ಅಲ್ಲರಿ ಅದು. ಕಾಚಬಿಂದು ಅಂತ, ಕಣ್ಣಿನ ನರಾನೇ ಒಣಗಸ್ತದಂತ್ರಿ."

"ಆಪರೇಷನ್…"

"ಹೋಗಿದ್ದು ವಾಪಸ್ ಬರಲ್ಲಂತ್ರಿ. ಉಳದಿದ್ದು ಉಳೀಲಿ ಅಂತ ಔಷಧ ಹಾಕ್ಲಿಕ್ಕಿ ಕೊಟ್ಟಾರ. ಅದೂ ಉಳೀತದ ಅಂತ ಗ್ಯಾರಂಟಿ ಇಲ್ಲ ಅಂದ್ರು."

ಈಗ ಎಷ್ಟು ಕಾಣುತ್ತದೆ ಅಂತ ಕೇಳಿದೆ. ಪೂನಮ ಕೈಯ ಒಂದು ಬಳೆ ಮೇಲಕ್ಕೆ ಸರಿಸಿ ತೋರಿಸಿದಳು.

"ಪಂಚಮಿಗಿ ನಾ ಬಂದಾಗ, ಬಳಿಯೊಳಗಿಂದ ನೋಡಿದಂಗ ಕಾಣಸ್ತದ ಅಂತಿದ್ಳು. ಈಗ ಉಂಗುರದೊಳಗಿಂದ ನೋಡಿದಂಗ ಅಂತಾಳ. ಸುತ್ತ ಎಲ್ಲಾ ಕತ್ತಲ್ರಿ." ಬಳೆ ವಾಪಸ್ ಕೆಳಗೆ ಸರಿಸಿದಳು. "ಪಂಚಮಿ ದಿನ ಟಿವಿ ಒರಸಿ, ಬಾಜೂ ಮನಿ ಹೆಣ್ಮಕ್ಕಳನೆಲ್ಲ ಕರದು ಕುಂದರಿಸಿದ್ಳು. ನೀವು ಫೋನ್ ಎತ್ತಲಿಲ್ಲ."

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಬಸ್ಸಿನ ಹೊತ್ತಾಯಿತು ಅಂತ ಹೋದಳು.

ಪಂಚಮಿಯ ದಿನ ಬಳೆಯಷ್ಟು ಇತ್ತು. ಆ ದಿನ ನಾನು ಉಂಡಿ ತಿಂದು ಮಲಗಿದ್ದೆ.

ಸೆಪ್ಟೆಂಬರ್ 19, ಶುಕ್ರವಾರ

ಬೆಳಿಗ್ಗೆ ಆರಕ್ಕೇ ಅಂಗಡಿ. ಇದ್ದ ಮುದುಕನ ಮೇಲೇ ಫೋರ್‌ಕೆ ರೆಂಡರ್ ಹಚ್ಚಿದೆ. ಏಳೂವರೆಗೆ ಬಂದ್ ಬಿತ್ತು. ಮತ್ತೆ ಹಚ್ಚಿದೆ. ಒಂಬತ್ತಕ್ಕೆ ಬಂದ್. ಡಬ್ಬದ ಮುಚ್ಚಳ ತೆಗೆದು ಟೇಬಲ್ ಫ್ಯಾನ್ ಇಟ್ಟೆ. ಹನ್ನೊಂದಕ್ಕೆ ಕರೆಂಟೇ ಹೋಯಿತು.

ಬಸವಕಲ್ಯಾಣಕ್ಕೆ ಹೋದೆ. ಯಾಕೆ ಹೋದೆ ಗೊತ್ತಿಲ್ಲ. ಸಂಘಪಾಲನ ಅಂಗಡಿಯಲ್ಲಿ ಗಿರಾಕಿ ಇದ್ದರು, ಅವರ ಮುಂದೆಯೇ ಕೂಗಾಡಿದೆ. ನಿನ್ನ ಲೀಕು, ನಿನ್ನ ಚಾರ್ಟು, ಬಸ್ಸಿನಿಂದ ಇಳಿಸಿದವನು ನೀನು ಅಂತ. ಅವನು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ.

"ನಾ ಇಳಿ ಅಂದಿದ್ನೇನು?"

ಅವನು ಸ್ಟೂಲು ನನ್ನ ಕಡೆ ಸರಿಸಿದ.

"ಸಣ್ಣ ಸೈಜ್ ಮಾಡಿ ಕೊಡು ಅಂತ ಮೊದಲ ದಿನಾನೇ ಹೇಳಿದ್ನೋ ಇಲ್ಲೋ?"

ಹೇಳಿದ್ದ. ಇದೇ ಸ್ಟೂಲಿನ ಮೇಲೆ ನನ್ನನ್ನು ಕೂಡಿಸಿಕೊಂಡು ಹೇಳಿದ್ದ. ನಾಚಿಕೆಯಾಯಿತು. ಆಮೇಲೆ ಇಬ್ಬರೂ ಚಹಾ ಕುಡಿದೆವು, ಪ್ರೊಸೆಸರಿನ ಮಾತು ಯಾರೂ ತೆಗೆಯಲಿಲ್ಲ. ಎದ್ದು ಬರುವಾಗ ಅವನೇ ಬೈಕಿನ ತನಕ ಬಂದು, "ದೊಡ್ಡ ಟಿವ್ಯಾಗ ಹಾಕಿದ್ರೂ ಅವ್ರಿಗಿ ಎಷ್ಟ ಕಾಣಸ್ತದೋ ಏನೋ, ಅದನ್ನ ನೋಡು ಮೊದಲ" ಅಂದ.

ಸೆಪ್ಟೆಂಬರ್ 20, ಶನಿವಾರ. ಬೆಳಿಗ್ಗೆ 9

ನೋಡಿದೆ. ಅಂಗಡಿಯಲ್ಲಿ ಬಿದ್ದಿದ್ದ ಒಂದು ಲಗ್ನಪತ್ರಿಕೆ ಸುರುಳಿ ಸುತ್ತಿ, ಉಂಗುರದಷ್ಟು ತೂತು ಬಿಟ್ಟು, ಒಂದು ಕಣ್ಣಿಗೆ ಹಿಡಿದೆ. ಇನ್ನೊಂದು ಕಣ್ಣು ಮುಚ್ಚಿದೆ. ಗೋಡೆಯ ಮೇಲಿನ ದೊಡ್ಡ ಟಿವಿಯಲ್ಲಿ ಪೂನಮಳ ಫೋಟೊ ಹಾಕಿದ್ದೆ. ಮೂಗು ಕಂಡಿತು. ಸುರುಳಿ ಸರಿಸಿದೆ. ಕಿವಿ ಕಂಡಿತು. ಮುಖ ಕೂಡಿಸಲು ಆಗಲಿಲ್ಲ. ಮೂರೂವರೆ ತಿಂಗಳು ನಾನು ಕಾದದ್ದು ಈ ಮೂಗಿಗೆ.

ಅದೇ ಫೋಟೊ ಮೊಬೈಲಿನಲ್ಲಿ ಹಾಕಿ ಕೈ ಉದ್ದ ಮಾಡಿ ಹಿಡಿದೆ. ಪೂರ್ತಿ ಬಂತು. ಪೂನಮ, ಬಾಸಿಂಗ, ಹಿಂದೆ ನಿಂತ ಅವಳ ಅಪ್ಪ ಕಾಶಿರಾಮ, ಎಲ್ಲ.

ಚಹಾ ಕೊಡಲು ಬಂದವರು ನಿಂತು ನೋಡಿದರು. ಸುರುಳಿ ಕಣ್ಣಿಗೆ ಹಿಡಿದು ಅಳುತ್ತ ಕೂತವನಿಗೆ ಏನು ಕೇಳುವುದು ಅಂತ ಕಪ್ಪಿಟ್ಟು ಹೋದರು.

ಬೆಳಿಗ್ಗೆ 10:40

ಅಕ್ಕಿಕಾಳಿನ ಭಾಗ ಅಷ್ಟೇ ತೆಗೆದುಕೊಂಡೆ. ಬಣ್ಣ ತಿದ್ದಲಿಲ್ಲ, ಹಾಡು ಹಾಕಲಿಲ್ಲ, ಕೆಂಪು ಗುರುತಿನ ತುಣುಕು ಕತ್ತರಿಸುವಷ್ಟೂ ತಾಳ್ಮೆ ಇರಲಿಲ್ಲ, ಅದೂ ಹಾಗೇ ಹೋಯಿತು. ಮೊಬೈಲಿಗೆ ಸಾಲುವ ಸೈಜ್. ರೆಂಡರ್ ಒತ್ತಿದೆ.

ಹನ್ನೊಂದು ನಿಮಿಷ. ನಾಲ್ಕೂ ಕೋರ್ ಕೆಲಸ ಮಾಡಿದವು. ಫ್ಯಾನ್ ಕೂಗಲೂ ಇಲ್ಲ.

ಜೂನ್ ಒಂಬತ್ತರಂದು ಚಹಾ ಬಂದು ಹೋಗುವಷ್ಟರಲ್ಲಿ ಇದು ಆಗುತ್ತಿತ್ತು. ನನ್ನಂಥ ಮೂರ್ಖ ಹುಡುಕಿದರೂ ಸಿಗುವುದಿಲ್ಲ. ಬಸ್ ಹನ್ನೊಂದೂವರೆಗೆ.

ಅದೇ ದಿನ. ಘಾಟಬೋರಾಳ. ಮಧ್ಯಾಹ್ನ 1:30

ಅವರ ಮನೆಯ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಒಳಗೆ ಕೂಡಲು ಆಗುತ್ತಿಲ್ಲ. ದಾರಿಯುದ್ದಕ್ಕೂ ಜೇಬಿನಲ್ಲಿ ಫೋನ್ ನಡುಗುತ್ತಿತ್ತು. ಗ್ರೂಪಿನಲ್ಲಿ ನೂರಾ ನಲವತ್ತು ಮೆಸೇಜ್. ಘೋಷಣೆ ಆಗಿರಬೇಕು. ತೆರೆದು ನೋಡಿಲ್ಲ.

ಕಾಕು ಮಂಚದ ಮೇಲೆ ಕೂತಿದ್ದರು. ನನ್ನ ಹೆಜ್ಜೆ ಕೇಳಿ ಮುಖ ಎತ್ತಿದರು, ಆದರೆ ನಾನು ನಿಂತ ಕಡೆಗಲ್ಲ. "ಅವಿನಾಶ ಏನಪಾ? ಉಂಡು ಬಂದಿ?" ಅಂದರು. ಮೊದಲ ಮಾತು ಅದು. ತಪ್ಪಾಯಿತು ಅಂದೆ. "ಇರಲಿ ಬಿಡು. ನಿನ್ನ ಆಳು ಬಂದವೇನು?"

"ಇಲ್ಲರಿ. ಇದ್ದ ನಾಕ ಆಳೀಲೇ ಮಾಡೀನಿ."

ನಕ್ಕರು. ಪೂನಮ ವಿಡಿಯೋ ತನ್ನ ಫೋನಿಗೆ ಹಾಕಿಕೊಂಡು, ಪಕ್ಕದಲ್ಲಿ ಕೂತು ಹಿಡಿದಳು. ಹಿಂದೆ ಮುಂದೆ ಸರಿಸಿ ಸರಿಸಿ ಜಾಗ ಹುಡುಕಿದೆವು. ಒಂದು ಕಡೆ ಬಂದಾಗ ಕಾಕು, "ತಡಿ. ಅಲ್ಲೇ ಇರಲಿ" ಅಂದರು. ಕಾಶಿರಾಮ ಕಾಕಾ ರೇಡಿಯೋ ಆಫ್ ಮಾಡಿ ಬಾಗಿಲಲ್ಲಿ ನಿಂತರು.

ಮಂಗಳಾಷ್ಟಕ ಶುರುವಾಯಿತು. ಭಟ್ಟರ ಬಾಯಿ ನಿಲ್ಲಲಿಲ್ಲ. ಕಾಕು ಉಸಿರಾಡುತ್ತಿದ್ದರೋ ಇಲ್ಲವೋ. ವಾದ್ಯ ಏರಿತು, ಅಕ್ಕಿಕಾಳು ಬಿದ್ದವು. ಆಮೇಲೆ ಆ ತುಣುಕು ಬಂತು, ಮದುಮಗಳು ಎಡಕ್ಕೆ ತಿರುಗಿ ನೋಡುವುದು. ನಾನು ಕ್ಷಮೆ ಕೇಳುವವನಿದ್ದೆ, ಅದು ತೆಗೆಯಬೇಕಿತ್ತು, ಉಳಿದುಬಿಟ್ಟಿದೆ ಅಂತ.

"ನಿಲ್ಲಸು" ಅಂದರು ಕಾಕು. ನಿಲ್ಲಿಸಿದಳು ಪೂನಮ.

"ಎಲ್ಲಾರೂ ಅಕೀನ್ನ ನೋಡಾಕತ್ತಾರ. ಅಕಿ ಎಲ್ಲಿ ನೋಡಾಕತ್ತಾಳ ತಮ್ಮಾ?"

"ಅಲ್ಲಿ ಏನೂ ಇಲ್ಲರಿ ಕಾಕು, ಗ್ವಾಡಿ ಅದ" ಅಂದೆ. ಅಂದು ಬಾಗಿಲಿನಿಂದ ಹೊರಗೆ ನೋಡಿದೆ. ಹಂದರ ಹಾಕಿದ್ದ ಅಂಗಳ. ಅದರ ಎಡಕ್ಕೆ ಗೋಡೆ. ಗೋಡೆಯ ಆಚೆ ಹಿತ್ತಲು.

ಪೂನಮ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಕಾಕು ಕೈ ಚಾಚಿ ಅವಳ ಮುಖ ಮುಟ್ಟಿದರು, ಗಲ್ಲ, ಮೂಗು, ಕಣ್ಣು. "ಗ್ವಾಡಿ ಆಚಿಗಿ ನಾ ಇದ್ದೆಲ್ಲಪಾ" ಅಂದರು ನನಗೆ, ಮೆಲ್ಲಗೆ. "ನೀರು ಹಾಕಕೋತ ಕುಂತಿದ್ದೆ. ಅಕಿ ನೋಡಾಕತ್ತಿದ್ಳೇನು, ನನಗೇನು ಗೊತ್ತು."

ನಾನು ಎದ್ದು ಹೊರಗೆ ಬಂದೆ. ಆ ಒಂಬತ್ತು ಸೆಕೆಂಡಿಗೆ ನಾನೇ ಕೆಂಪು ಗುರುತು ಹಾಕಿದ್ದು.

ಒಳಗಿನಿಂದ ವಾದ್ಯದ ಸದ್ದು ಮತ್ತೆ ಮತ್ತೆ ಬರುತ್ತಿದೆ. ಏಳನೇ ಸಲ… ಎಂಟು. ಈಗ ನಿಂತಿತು. ಪೂನಮ ಕರೆಯುತ್ತಿದ್ದಾಳೆ, ಫೋನಿನ ಚಾರ್ಜ್ ಮುಗಿದಿದೆಯಂತೆ. ನನ್ನದರಲ್ಲಿ ಇನ್ನೂ ಇದೆ. ಗ್ರೂಪಿನ ಮೆಸೇಜ್ ಬಂದು ಪರದೆ ಮುಚ್ಚದ ಹಾಗೆ ಮೊದಲು ನೆಟ್ ಆಫ್ ಮಾಡಿ, ಆಮೇಲೆ ಅಲ್ಲಿಂದಲೇ, ಅವಳು ತಿರುಗಿ ನೋಡುವಲ್ಲಿಂದಲೇ —